ಪಾಕೀಟು ಹರಿಯುವ ಮೊದಲು

ತಮ್ಮಾ, ಗುಟ್ಕಾ ಕೆಟ್ಟದ್ದು ಎಂದು ಹೇಳಲು ನಿನ್ನನ್ನು ಕೂಡಿಸಿಕೊಂಡಿಲ್ಲ. ಅದನ್ನು ಪಾಕೀಟಿನ ಮೇಲೆಯೇ ಚಿತ್ರಸಮೇತ ಅಚ್ಚು ಹಾಕಿದ್ದಾರೆ, ದಿನಾ ನೋಡಿಯೂ ಹರಿಯುತ್ತೀ. ಬಿಡಬೇಕೆಂದು ನಿನಗೂ ಇದೆ. ಆದರೆ ನೀನು ಸೋಲುತ್ತಿರುವ ಜಾಗ ಬೇರೆ, ಕುಸ್ತಿಗೆ ನಿಂತಿರುವ ಜಾಗ ಬೇರೆ. ಅಷ್ಟನ್ನೇ ಹೇಳಬೇಕಾಗಿದೆ.

ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ಕೊನೆಗೆ. ಆಗ ನೀನಿನ್ನೂ ಸಣ್ಣವ. ವ್ಯಾಪಾರದವರು ಸುಮ್ಮನೆ ಕೂರುತ್ತಾರೆಯೇ? ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಮಾಡಿದರು, ಕೂಡಿಸಿಕೊಳ್ಳುವ ಕೆಲಸ ಕೊಂಡವನಿಗೇ ಬಿಟ್ಟರು. ಕಾನೂನಿನ ಕಣ್ಣು ತಪ್ಪಿಸಿದ ಈ ಉಪಾಯದಿಂದ ಇನ್ನೂ ಒಂದು ಕೇಡಾಯಿತು ಅಂತ ನನ್ನ ಅನಿಸಿಕೆ. ದೊಡ್ಡ ಪಾಕೀಟಿನ ಮೂಲೆಯನ್ನು ಹಲ್ಲಲ್ಲಿ ಹರಿಯುವುದು, ಸಣ್ಣದನ್ನು ಅದರೊಳಗೆ ಸುರಿಯುವುದು, ಬಾಯಿ ಮಡಚಿ ಅಲ್ಲಾಡಿಸುವುದು, ಕತ್ತು ಹಿಂದಕ್ಕೆ ಮಾಡುವುದು. ಪೂಜೆಯ ಹಾಗೆ ಇದಕ್ಕೂ ಒಂದು ಕ್ರಮ ಬಂತು. ಮಿದುಳು ಕಲಿಯುವುದು ಇಂಥ ಕ್ರಮವನ್ನೇ.

ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳಿಗೆ ಹಣ್ಣಿನ ರಸ ಕೊಟ್ಟು ಅವುಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸೂಸುವ ಕೋಶಗಳನ್ನು ಗಮನಿಸಿದ. ಮೊದಮೊದಲು ರಸ ನಾಲಗೆಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸಕ್ಕೆ ಮುಂಚೆ ಪ್ರತಿ ಸಲ ಒಂದು ದೀಪ ಹೊತ್ತಿಸುತ್ತ ಹೋದರೆ, ದಿನ ಕಳೆದಂತೆ ದೀಪ ಹೊತ್ತಿದಾಗಲೇ ಚುರುಕು; ರಸ ಬಂದಾಗ ಏನೂ ಇಲ್ಲ. ದೀಪ ಹೊತ್ತಿಯೂ ರಸ ಬಾರದಿದ್ದರೆ ಕೋಶಗಳ ಚಟುವಟಿಕೆ ಎಂದಿನ ಮಟ್ಟಕ್ಕಿಂತ ಕೆಳಗಿಳಿಯುತ್ತಿತ್ತು. ನಿನ್ನ ಕಿರಿಕಿರಿ, ಚಡಪಡಿಕೆ, ತಾಯಿಯ ಮೇಲೆ ಸಿಡುಕುವುದರಲ್ಲಿ ಈ ಇಳಿತದ ಪಾಲೂ ಉಂಟು. ನಿನಗೆ ದೀಪ ಯಾವುದು? ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗುವ ಪಾಕೀಟಿನ ಸರ, ಊಟ ಮುಗಿದ ಮೇಲೆ ತೊಳೆದ ಕೈ, ಗೆಳೆಯನ ಬೈಕು ನಿಂತ ಸದ್ದು. ಪಾಕೀಟು ಕೈಗೆ ಬರುವ ಹೊತ್ತಿಗೆ ಒಳಗೆ ಅರ್ಧ ಕೆಲಸ ಮುಗಿದಿರುತ್ತದೆ.

ಗುಟ್ಕಾ ನಿಷೇಧವಾದ ಅದೇ 2013ರ ಜನವರಿಯಲ್ಲಿ ನಮ್ಮ ಮುಂಡಗೋಡದ ಟಿಬೆಟನ್ ಕಾಲೊನಿಯ ಡ್ರೆಪುಂಗ್ ಮಠದಲ್ಲಿ ದಲೈ ಲಾಮಾ ಅವರು ಮಿದುಳು ವಿಜ್ಞಾನಿಗಳ ಜೊತೆ ಆರು ದಿನ ಕೂತು ಮಾತಾಡಿದ್ದರು. ನಮ್ಮ ತಾಲೂಕಿನ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ. ಆ ಮಾತುಕತೆಯ ಮುಂದಿನ ಸರದಿ ಅಕ್ಟೋಬರಿನಲ್ಲಿ ಧರ್ಮಶಾಲಾದಲ್ಲಿ ನಡೆಯಿತು. ಅಲ್ಲಿ ವಿಷಯವೇ ಆಸೆ, ಹಪಾಹಪಿ, ಚಟ. ಅಲ್ಲಿಗೆ ಬಂದವರಲ್ಲಿ ಮಿಶಿಗನ್‌ನ ಮಿದುಳು ವಿಜ್ಞಾನಿ ಕೆಂಟ್ ಬೆರಿಜ್ ಒಬ್ಬರು. ಬೇಕೆನ್ನಿಸುವುದು ಬೇರೆ, ರುಚಿಸುವುದು ಬೇರೆ, ಮಿದುಳಿನಲ್ಲಿ ಎರಡಕ್ಕೂ ಬೇರೆ ಬೇರೆ ದಾರಿ ಎಂಬುದು ಅವರ ಬಹುಕಾಲದ ವಾದ. ಡೋಪಮೈನ್ ಬಹುತೇಕ ಪೂರ್ತಿ ಕಳೆದುಕೊಂಡ ಇಲಿ ಸಕ್ಕರೆ ಬಾಯಿಗೆ ಬಿದ್ದರೆ ಸವಿಯುತ್ತದೆ, ಆದರೆ ಹುಡುಕಿಕೊಂಡು ಹೋಗುವುದಿಲ್ಲ. ಚಟ ಹತ್ತಿದವನದು ತಿರುವುಮುರುವು: ಬೇಕೆನ್ನಿಸುವುದು ಏರುತ್ತಲೇ ಇರುತ್ತದೆ, ರುಚಿ ಅಲ್ಲೇ ನಿಂತಿರುತ್ತದೆ, ಕೆಲವೊಮ್ಮೆ ಇಳಿದಿರುತ್ತದೆ. ನಿಜ ಹೇಳು, ಈ ದಿನದ ಎಷ್ಟನೆಯದೋ ಪಾಕೀಟು ನಿನಗೆ ರುಚಿಸಿತೇ?

ಹೀಗಿರುವಾಗ ಅಂಗಡಿಯ ಮುಂದೆ ನಿಂತು ಮನಸ್ಸು ಗಟ್ಟಿ ಮಾಡಿಕೊಳ್ಳುವುದು ತಡವಾದ ಮಾತು. ಕಾಲುವೆಗೆ ನೀರು ಬಿಟ್ಟಾದ ಮೇಲೆ ಗದ್ದೆಯ ಬದುವಿನಲ್ಲಿ ಕೈ ಅಡ್ಡ ಇಟ್ಟಂತೆ ಅದು; ಮುಚ್ಚಬೇಕಾದದ್ದು ತೂಬು. ಲೆಕ್ಕ ಹಾಕಿ ಬೇಡ ಅನ್ನುವ ಭಾಗ ಹಣೆಯ ಹಿಂದಿದೆ, ಇಪ್ಪತ್ತು ದಾಟಿದ ಮೇಲೂ ಅದು ಬಲಿಯುತ್ತಲೇ ಇರುತ್ತದೆ. ದಣಿವು, ಹಸಿವು, ನಿದ್ದೆಗೇಡಿನಲ್ಲಿ ಅದರ ಹಿಡಿತ ಸಡಿಲ. ಚಟದವರಿಗೆ ನಾಳೆಯ ದೊಡ್ಡ ಲಾಭ ಈಗಿನ ಚಿಕ್ಕ ಸುಖಕ್ಕಿಂತ ಸಣ್ಣದಾಗಿ ಕಾಣುವುದೂ ಉಂಟು. ಆದ್ದರಿಂದ ತೀರ್ಮಾನ ಬೆಳಿಗ್ಗೆ ಚಹಾ ಕುಡಿದು ತಲೆ ತಿಳಿಯಾಗಿರುವಾಗ ಮಾಡು: ಇವತ್ತು ಹುಬ್ಬಳ್ಳಿ ಬಸ್ಸನ್ನು ಯಾವ ಸ್ಟಾಪಿನಲ್ಲಿ ಹಿಡಿಯುವುದು, ಊಟವಾದ ಮೇಲೆ ಯಾರ ಜೊತೆ ಹೊರಗೆ ಹೋಗುವುದು, ಜೇಬಿನಲ್ಲಿ ಚಿಲ್ಲರೆ ಎಷ್ಟಿರುವುದು. ಸರ ಕೊಳ್ಳಬೇಡ, ಮನೆಯಲ್ಲಿ ಇಡಬೇಡ.

ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್‌ಗೆ ಬಿದ್ದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬಾಕೆ 1970ರ ದಶಕದಲ್ಲಿ ಹಿಂಬಾಲಿಸಿ ನೋಡಿದ್ದಳು. ಊರಿಗೆ ಮರಳಿದ ಮೇಲೆ ಅವರಲ್ಲಿ ಬಹುಪಾಲು ಜನ ಮತ್ತೆ ಚಟಕ್ಕೆ ಬೀಳಲಿಲ್ಲ. ಜಾಗ ಬದಲಾಗಿತ್ತು, ಜೊತೆಗಾರರೂ ಬದಲಾಗಿದ್ದರು. ನಿನಗೆ ನಮ್ಮೂರು ಅತ್ತಿವೇರಿ ಬಿಟ್ಟು ಹೋಗು ಎನ್ನಲಾರೆ. ಸಂಜೆಯ ಜಾಗ ಮಾತ್ರ ಬದಲಿಸು. ಇಲ್ಲಿಯ ಪಕ್ಷಿಧಾಮಕ್ಕೆ ಚಮಚ ಕೊಕ್ಕಿನ ಹಕ್ಕಿ ನೋಡಲು ಎಲ್ಲಿಂದೆಲ್ಲಿಂದಲೋ ಜನ ಬರುತ್ತಾರೆ. ನೀವು ಸಂಜೆ ಅಲ್ಲಿಯ ಒಡ್ಡಿನ ಮೇಲೆ ಕೂತು ಉಗಿಯುತ್ತೀರಿ, ಖಾಲಿ ಪಾಕೀಟು ಅಲ್ಲೇ ಎಸೆಯುತ್ತೀರಿ. ಆ ಜಗಳ ಇನ್ನೊಂದು ದಿನ ಆಡೋಣ.

ಬಿಟ್ಟ ಮೊದಲ ಮೂರು ನಾಲ್ಕು ದಿನ ಕಷ್ಟ. ಆಮೇಲೆ ಇಳಿಯುತ್ತ ಹೋಗುತ್ತದೆ. ಒಂದು ಸಲದ ಹಪಾಹಪಿ ಕೆಲವೇ ನಿಮಿಷದ್ದು. ನೀರು ಕುಡಿ, ನಡೆದಾಡು, ಯಾರಿಗಾದರೂ ಫೋನ್ ಮಾಡು. 1800-11-2356 ಎಂಬ ಉಚಿತ ಸಹಾಯವಾಣಿ ತಂಬಾಕು ಬಿಡುವವರಿಗೆಂದೇ ಇದೆ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಯೂ ದೂರವೇನಲ್ಲ. ನಡುವೆ ಒಂದು ದಿನ ಜಾರಿದೆಯೋ, ಎಲ್ಲ ಮುಗಿಯಿತೆಂದು ಸರವನ್ನೇ ಕೊಳ್ಳಬೇಡ. ಯಾವ ದೀಪ ಹೊತ್ತಿತ್ತು ಎಂದು ನೋಡಿಕೊಂಡು ಮರುದಿನ ಅದನ್ನು ತಪ್ಪಿಸು.

ಇನ್ನು ನಿನ್ನ ಬಾಯಿ. ಕೆಂಪು ಚಟ್ನಿ ಉರಿಯುತ್ತದೆಂದು ಈಚೆಗೆ ಬದಿಗೆ ಸರಿಸುತ್ತೀ. ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹೋಗುತ್ತವೆಯೋ ನೋಡು. ಹೋಗದಿದ್ದರೆ ಕೆನ್ನೆಯ ಒಳಪದರ ಬಿಗಿಯುತ್ತಿರಬಹುದು. ಅದನ್ನು ಮುಖ್ಯವಾಗಿ ಮಾಡುವುದು ತಂಬಾಕಲ್ಲ, ಅಡಿಕೆ; ತಂಬಾಕಿಲ್ಲದ ಬರಿ ಅಡಿಕೆಯೂ ಕ್ಯಾನ್ಸರ್ ತರುತ್ತದೆ. ಅಡಿಕೆ ಬೆಳೆದು ಬಾಳುವ ಜಿಲ್ಲೆಯಲ್ಲಿ ಇದನ್ನು ಜೋರಾಗಿ ಹೇಳಿದರೆ ನೆಂಟರೇ ಮುನಿಸಿಕೊಳ್ಳುತ್ತಾರೆ, ನಿನ್ನ ಕಿವಿಯಲ್ಲಿ ಹೇಳಿದ್ದೇನೆ. ಬಿಗಿತ ಹೆಚ್ಚಾದ ಮೇಲೆ ಪೂರ್ತಿ ಹಿಂದಕ್ಕೆ ಬರುವುದು ಕಷ್ಟ, ಆದ್ದರಿಂದ ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸು. ನಾನೂ ಬರುತ್ತೇನೆ, ನನಗೂ ಒಂದು ದವಡೆ ಹಲ್ಲು ಕೀಳಿಸುವುದಿದೆ. ನಿಮ್ಮವ್ವ ಕೇಳಿದರೆ ಅದೇ ಕಾರಣ ಹೇಳೋಣ; ಉಳಿದದ್ದನ್ನು ನೀನಾಗಿಯೇ ಯಾವಾಗ ಹೇಳುತ್ತೀಯೋ ಹೇಳು.