ಸಕ್ಕರೆ ಕಾಯಿಲೆ: ನಡಿಗೆಯೂ ಒಂದು ಮದ್ದು, ಅದಕ್ಕೂ ಅಳತೆ ಬೇಕು

ಹೀಗೊಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ನಿವೃತ್ತ ಶಿಕ್ಷಕರೊಬ್ಬರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ‘ದಿನಾ ನಡೆಯಿರಿ’ ಎಂದು ವೈದ್ಯರು ಹೇಳಿದ್ದಾರೆ. ಬೆಳಿಗ್ಗೆ ಆರಕ್ಕೆ ಎದ್ದು, ಸಕ್ಕರೆ ಹಾಕದ ಕಾಫಿ ಕುಡಿದು, ಮಾತ್ರೆ ನುಂಗಿ ಹೊರಡುವುದು ಅವರ ರೂಢಿ. ದಿನವೂ ಅರ್ಧ ಗಂಟೆ ನಡೆಯುವವರು ಅಂದು ಹಳೆಯ ಸ್ನೇಹಿತರು ಸಿಕ್ಕಿದರೆಂದು ಒಂದೂಕಾಲು ಗಂಟೆ ನಡೆಯುತ್ತಾರೆ. ಮನೆ ಸೇರುವ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ. ‘ತಿಂಡಿ ಕೊಡಲೇ ಮಾವ?’ ಎಂದು ಸೊಸೆ ಕೇಳಿದರೆ ಏನೋ ಅಸಂಬದ್ಧ ಉತ್ತರ, ಜೊತೆಗೆ ಸಿಡುಕು. ‘ನಡೆದು ದಣಿದಿದ್ದಾರೆ, ಸ್ವಲ್ಪ ಹೊತ್ತು ಮಲಗಲಿ’ ಎಂದು ಮನೆಯವರು ಸುಮ್ಮನಾಗುತ್ತಾರೆ.

ಸುಮ್ಮನಾಗಬಾರದು. ಅದು ಬರಿಯ ದಣಿವಲ್ಲ, ರಕ್ತದಲ್ಲಿ ಸಕ್ಕರೆ ಕುಸಿದ ಲಕ್ಷಣ. ಹಾಗೆಯೇ ಮಲಗಿಸಿದರೆ ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಮಧುಮೇಹವಿದೆ. ಆದ್ದರಿಂದ ಈ ವಿಷಯ ರೋಗಿಗೆ ಮಾತ್ರವಲ್ಲ, ಮನೆಯ ಎಲ್ಲರಿಗೂ ತಿಳಿದಿರಬೇಕು.

ನಡೆದಾಗ ಏನಾಗುತ್ತದೆ?

ನಮ್ಮ ಸ್ನಾಯುಗಳಿಗೆ ಕೆಲಸ ಮಾಡಲು ಗ್ಲೂಕೋಸ್ ಬೇಕು. ವಿಶ್ರಾಂತಿಯಲ್ಲಿರುವಾಗ ರಕ್ತದ ಗ್ಲೂಕೋಸ್ ಸ್ನಾಯುವಿನ ಒಳಗೆ ಹೋಗಲು ಇನ್ಸುಲಿನ್ ನೆರವು ಬೇಕಾಗುತ್ತದೆ. ಆದರೆ ಸ್ನಾಯು ದುಡಿಯುತ್ತಿರುವಾಗ ಇನ್ಸುಲಿನ್ನಿನ ದಾರಿ ಕಾಯದೆ ತಾನೇ ಗ್ಲೂಕೋಸನ್ನು ಎಳೆದುಕೊಳ್ಳಬಲ್ಲದು. ವ್ಯಾಯಾಮ ಮುಗಿದ ಮೇಲೂ ಸುಮಾರು ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಇನ್ಸುಲಿನ್ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನಡಿಗೆಯನ್ನು ಮದ್ದು ಎನ್ನುವುದು ಇದಕ್ಕೇ.

ಆರೋಗ್ಯವಂತರಲ್ಲಿ ನಡೆಯುವಾಗ ದೇಹ ಇನ್ಸುಲಿನ್ ಸುರಿಸುವುದನ್ನು ತಾನಾಗಿಯೇ ಕಡಿಮೆ ಮಾಡುತ್ತದೆ. ಯಕೃತ್ತು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಆದರೆ ಚುಚ್ಚಿಕೊಂಡ ಇನ್ಸುಲಿನ್ನನ್ನಾಗಲಿ, ನುಂಗಿದ ಮಾತ್ರೆಯನ್ನಾಗಲಿ ಹೀಗೆ ತಡೆಹಿಡಿಯುವಂತಿಲ್ಲ. ಮದ್ದೂ ಸಕ್ಕರೆಯನ್ನು ಇಳಿಸುತ್ತದೆ, ನಡಿಗೆಯೂ ಇಳಿಸುತ್ತದೆ. ಹೊಟ್ಟೆ ಖಾಲಿಯಾಗಿದ್ದರೆ ಕೇಳುವುದೇ ಬೇಡ.

ಯಾರಿಗೆ ಅಪಾಯ?

ಎಲ್ಲರಿಗೂ ಅಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು, ಮತ್ತು ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಗುಂಪಿನ ಮಾತ್ರೆ ನುಂಗುವವರು ಹೆಚ್ಚು ಎಚ್ಚರದಿಂದಿರಬೇಕು. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಅಥವಾ ಪಥ್ಯದಲ್ಲೇ ಇರುವವರಲ್ಲಿ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ನಿಮ್ಮ ಮಾತ್ರೆ ಯಾವ ಗುಂಪಿನದು ಎಂಬುದನ್ನು ವೈದ್ಯರಿಂದ ತಿಳಿದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅನೇಕ ಮಾತ್ರೆಗಳಲ್ಲಿ ಎರಡು ಮೂರು ಔಷಧಗಳು ಸೇರಿರುತ್ತವೆ.

ವ್ಯಾಯಾಮವೆಂದರೆ ನಡಿಗೆಯೊಂದೇ ಅಲ್ಲ. ಮನೆಯಲ್ಲಿ ಮದುವೆ ಇದ್ದಾಗ ಬೆಳಗಿನಿಂದ ಓಡಾಟ. ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗಿರುತ್ತಾರೆ, ಊಟ ಮಾತ್ರ ಮೂರು ಗಂಟೆಗೆ. ಗದ್ದೆ ಕೆಲಸದ ದಿನ, ಏಕಾದಶಿ ಉಪವಾಸದ ದಿನ, ಬೆಟ್ಟ ಹತ್ತುವ ಯಾತ್ರೆಯ ದಿನಗಳಲ್ಲೂ ಇದೇ ಅಪಾಯವಿದೆ.

ಹೊರಡುವ ಮೊದಲು

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಮೊದಲ ಕೆಲವು ವಾರ ನಡಿಗೆಯ ಮುಂಚೆ ಮತ್ತು ಆನಂತರ ಪರೀಕ್ಷಿಸಿ ಬರೆದಿಡಿ. ನಿಮ್ಮ ಮೈ ನಡಿಗೆಗೆ ಹೇಗೆ ಸ್ಪಂದಿಸುತ್ತದೆ ಎಂಬುದು ತಿಳಿಯುತ್ತದೆ. ಇನ್ಸುಲಿನ್ ಅಥವಾ ಮೇಲೆ ಹೇಳಿದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ 100 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಂದು ಸಣ್ಣ ಬಾಳೆಹಣ್ಣನ್ನೋ ನಾಲ್ಕು ಬಿಸ್ಕತ್ತನ್ನೋ ತಿಂದು ಹೊರಡಿ. 70ಕ್ಕಿಂತ ಕಡಿಮೆ ಇದ್ದರೆ ಮೊದಲು ಅದನ್ನು ಸರಿಪಡಿಸಬೇಕು. 250 ದಾಟಿದ್ದು, ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು ಇದ್ದರೆ ವ್ಯಾಯಾಮ ಬೇಡ, ವೈದ್ಯರನ್ನು ಕಾಣಿ.

ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡು ಕೂಡಲೇ ನಡೆಯಬೇಡಿ. ದುಡಿಯುವ ಅಂಗದಿಂದ ಅದು ಬೇಗ ರಕ್ತಕ್ಕೆ ಸೇರುತ್ತದೆ. ಅಂಥ ವೇಳೆ ಹೊಟ್ಟೆಯ ಭಾಗ ಮೇಲು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಡೆಯುವವರು, ಮಾತ್ರೆಯನ್ನು ಹಿಂದಿರುಗಿದ ಮೇಲೆ ತಿಂಡಿಯ ಹೊತ್ತಿಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಪ್ರಮಾಣವನ್ನು ಮಾತ್ರ ನೀವಾಗಿಯೇ ಬದಲಿಸಬೇಡಿ.

ಜೇಬಿನಲ್ಲಿ ಎರಡು ವಸ್ತು ಇರಲಿ: ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯ ಪೊಟ್ಟಣ, ‘ನನಗೆ ಸಕ್ಕರೆ ಕಾಯಿಲೆ ಇದೆ’ ಎಂದು ಬರೆದು, ಮನೆಯ ದೂರವಾಣಿ ಸಂಖ್ಯೆ ಹಾಕಿದ ಚೀಟಿ.

ಸಕ್ಕರೆ ಕುಸಿದಾಗ

ಹಠಾತ್ ಹಸಿವು, ತಣ್ಣನೆಯ ಬೆವರು, ನಡುಕ, ಎದೆ ಡವಡವ, ಕಣ್ಣು ಮಂಜಾಗುವುದು, ಕಾರಣವಿಲ್ಲದ ಸಿಟ್ಟು, ತೊದಲು ಮಾತು ಇವೆಲ್ಲ ಲಕ್ಷಣಗಳು. ರಕ್ತದೊತ್ತಡಕ್ಕೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಡವಡವ ಕಾಣದೇ ಹೋಗಬಹುದು. ಬೆವರು ಮಾತ್ರ ಬರುತ್ತದೆ.

ನಡೆಯುವುದನ್ನು ಕೂಡಲೇ ನಿಲ್ಲಿಸಿ, ಕುಳಿತುಕೊಳ್ಳಿ. ಮೂರು ಟೀ ಚಮಚದಷ್ಟು, ಅಂದರೆ ಸುಮಾರು 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಕಾದು ಪರೀಕ್ಷಿಸಿ. 70ಕ್ಕಿಂತ ಕಡಿಮೆಯೇ ಇದ್ದರೆ ಮತ್ತೊಮ್ಮೆ ಅಷ್ಟೇ. ಸರಿಹೋದ ಮೇಲೆ ಇಡ್ಲಿಯೋ ಚಪಾತಿಯೋ ಏನಾದರೂ ತಿನ್ನಬೇಕು. ಇಲ್ಲವಾದರೆ ಸಕ್ಕರೆ ಮತ್ತೆ ಕುಸಿಯುತ್ತದೆ. ಮೀಟರ್ ಇಲ್ಲವೆಂದು ಕಾಯುವುದು ಬೇಡ. ಅನುಮಾನ ಬಂದರೆ ಸಕ್ಕರೆ ಕೊಟ್ಟುಬಿಡಿ. ಅಕಾರ್ಬೋಸ್, ವೊಗ್ಲಿಬೋಸ್ ಸೇರಿದ ಮಾತ್ರೆ ನುಂಗುವವರಿಗೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಯಿಂದ ಕುಸಿದ ಸಕ್ಕರೆ ಎಚ್ಚರವಾದ ಮೇಲೂ ಗಂಟೆಗಟ್ಟಲೆ ಮತ್ತೆ ಮತ್ತೆ ಕುಸಿಯಬಹುದು. ವೈದ್ಯರು ‘ಒಂದು ದಿನ ಇರಲಿ’ ಎಂದರೆ ಬೇಡವೆನ್ನಬೇಡಿ. ಸಂಜೆ ಹೆಚ್ಚು ಶ್ರಮವಾದ ದಿನ ರಾತ್ರಿ ನಿದ್ದೆಯಲ್ಲೂ ಕುಸಿಯುವುದುಂಟು; ಅಂದು ಊಟ ತಪ್ಪಿಸಬಾರದು.

ಎಷ್ಟು ನಡೆಯಬೇಕು?

ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ ಬಿರುಸಿನ ನಡಿಗೆ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ. ಅರ್ಧ ಗಂಟೆ ಬಿಡುವಿಲ್ಲದ ಗೃಹಿಣಿಯರು ಪ್ರತಿ ಊಟದ ನಂತರ ಹತ್ತು ನಿಮಿಷ ನಡೆಯಲಿ. ಊಟವಾದ ಮೇಲೆ ಏರುವ ಸಕ್ಕರೆಯನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. ವಾರಕ್ಕೆರಡು ದಿನ ಕುರ್ಚಿಯಿಂದ ಎದ್ದು ಕೂರುವಂಥ, ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಸೇರಿಸಿದರೆ ಇನ್ನೂ ಒಳ್ಳೆಯದು.

ನಡೆಯುವಾಗ ಎದೆ ಹಿಡಿದಂತಾದರೆ, ಉಬ್ಬಸ ಬಂದರೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಿ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲ ಕೆಟ್ಟಿರುವವರು ಉಸಿರು ಬಿಗಿಹಿಡಿದು ಭಾರ ಎತ್ತಬಾರದು, ಒಳಗೆ ರಕ್ತಸ್ರಾವವಾಗಬಹುದು.

ಪಾದವನ್ನು ಮರೆಯಬೇಡಿ

ಕಾಯಿಲೆ ಹಳೆಯದಾದಂತೆ ಪಾದದ ನರಗಳು ಮಂದವಾಗುತ್ತವೆ. ಮುಳ್ಳು ಚುಚ್ಚಿದರೂ, ಬೂಟು ಕಚ್ಚಿದರೂ ನೋವು ತಿಳಿಯದು. ನೋವಿಲ್ಲದ ಗಾಯವೇ ಕಾಲು ಕಳೆಯುವವರೆಗೆ ಕೊಂಡೊಯ್ಯುತ್ತದೆ. ಆದ್ದರಿಂದ ಹತ್ತಿಯ ಕಾಲುಚೀಲ, ಮುಂಭಾಗ ಅಗಲವಾದ ಮೆತ್ತನೆಯ ಬೂಟು ಇರಲಿ. ತೊಡುವ ಮೊದಲು ಒಳಗೆ ಕೈ ಹಾಕಿ ಕಲ್ಲು, ಮೊಳೆ ಇಲ್ಲವೆಂದು ನೋಡಿಕೊಳ್ಳಿ. ಮಧ್ಯಾಹ್ನದ ಬಿಸಿಲಿನಲ್ಲಿ ದೇವಸ್ಥಾನದ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಿನ ಪ್ರದಕ್ಷಿಣೆ ಬೇಡ, ಬೆಳಿಗ್ಗೆಯೇ ಹೋಗಿ ಬನ್ನಿ. ರಾತ್ರಿ ಮಲಗುವ ಮುನ್ನ ಅಂಗಾಲನ್ನೂ ಬೆರಳ ಸಂದಿಯನ್ನೂ ನೋಡಿಕೊಳ್ಳಿ. ಬಗ್ಗಲಾಗದವರಿಗೆ ಮೊಮ್ಮಕ್ಕಳು ನೋಡಿ ಹೇಳಲಿ. ಆಣಿಯನ್ನು ಬ್ಲೇಡಿನಿಂದ ಕತ್ತರಿಸಿಕೊಳ್ಳಬೇಡಿ.

ಇಷ್ಟೆಲ್ಲ ಓದಿ ಹೆದರಿ ನಡಿಗೆಯನ್ನೇ ಬಿಡುವುದು ಬೇಡ; ನಡೆಯದೆ ಕೂರುವುದರಿಂದ ಆಗುವ ಕೇಡು ಇದಕ್ಕಿಂತ ದೊಡ್ಡದು. ನಾಳೆ ಬೆಳಿಗ್ಗೆ ಹೊರಡುವ ಮೊದಲು ಜೇಬಿಗೆ ಸಕ್ಕರೆ ಪೊಟ್ಟಣ ಹಾಕಿಕೊಳ್ಳಿ. ಎಷ್ಟು ಹೊತ್ತಿಗೆ ಹಿಂದಿರುಗುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಿ. ಹಿಂದಿರುಗಿದಾಗ ನೀವು ಬೆವರುತ್ತ ತಡವರಿಸುತ್ತಿದ್ದರೆ ಏನು ಮಾಡಬೇಕೆಂಬುದನ್ನೂ ಈ ಪುಟ ತೋರಿಸಿ ಇಂದೇ ತಿಳಿಸಿಡಿ.