ಬೇನೆ ಸುಳ್ಳಾದರೂ ಕಾಯಿಲೆ ನಿಜ

ಮಳೆಗಾಲದ ಮಲೆನಾಡಿಗೆ ವಾಂತಿ-ಭೇದಿ ಹೊಸದಲ್ಲ. ಬಾವಿಗೆ ಕೆಂಪು ನೀರು ಇಳಿಯುತ್ತದೆ, ಕಾಯಿಸದೆ ಕುಡಿದವರು ಹಾಸಿಗೆ ಹಿಡಿಯುತ್ತಾರೆ, ಗಂಜಿ ಕುಡಿದು ಎದ್ದು ಕೂರುತ್ತಾರೆ. ಹೆರಿಗೆಗೆಂದು ತೀರ್ಥಹಳ್ಳಿ ಹತ್ತಿರದ ತವರಿಗೆ ಬಂದಿದ್ದ ನನ್ನ ತಂಗಿಗೂ ಅದೇ ಹಿಡಿದಾಗ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಅವಳಿಗೆ 33 ವಾರ ತುಂಬಿತ್ತು. ಬೆಳಗಿನಿಂದ ವಾಂತಿ, ಮಧ್ಯಾಹ್ನಕ್ಕೆ ಜ್ವರ, ದೀಪ ಹಚ್ಚುವ ಹೊತ್ತಿಗೆ ಹೊಟ್ಟೆ ಕಲ್ಲಿನಂತೆ ಬಿಗಿಯತೊಡಗಿತು.

ಬಿಗಿತ ಬರುತ್ತಿತ್ತು, ಬಿಡುತ್ತಿತ್ತು. ಮೊದಲು ಯಾವಾಗಲೋ ಒಮ್ಮೆ, ಆಮೇಲೆ ಹೆಚ್ಚುಕಡಿಮೆ ಹತ್ತು ನಿಮಿಷಕ್ಕೊಮ್ಮೆ. ಸೊಂಟದಲ್ಲೂ ಸೆಳೆತ. ಅಮ್ಮ ಜೀರಿಗೆ ಕಷಾಯ ಕಾಯಿಸಿದಳು. ಕಷಾಯಕ್ಕೆ ಇಳಿದರೆ ಸುಳ್ಳು ನೋವು, ಏರಿದರೆ ಹೆರಿಗೆ ನೋವು ಎಂಬುದು ಹಿಂದಿನಿಂದ ಬಂದ ಪರೀಕ್ಷೆ. ಆದರೆ ಕುಡಿದ ಕಷಾಯ ಹೊಟ್ಟೆಯಲ್ಲಿ ನಿಲ್ಲಲೇ ಇಲ್ಲ. ಫೋನಿನಲ್ಲಿ ಸಿಕ್ಕ ವೈದ್ಯೆ ನೋವು ಎಷ್ಟಿದೆ ಎಂದು ಕೇಳುವ ಮೊದಲೇ ಇನ್ನೊಂದು ಕೇಳಿದರು: ‘ಮೂತ್ರ ಕೊನೆಗೆ ಹೋಗಿದ್ದು ಯಾವಾಗ?’ ಬೆಳಿಗ್ಗೆ, ಅದೂ ಗಾಢ ಹಳದಿ. ‘ಹೊರಡಿ’ ಎಂದರು, ಅಷ್ಟೇ.

ಮಂಡಗದ್ದೆ ದಾಟಿ, ಸಕ್ರೆಬೈಲು ದಾಟಿ ಶಿವಮೊಗ್ಗ ತಲುಪುವವರೆಗೂ ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದೇ ಕುಳಿತಿದ್ದಳು. ಪಕ್ಕದಲ್ಲಿ ಕೂತವರ ಕೆಲಸ ಒಂದೇ, ಪ್ರತಿ ಬಿಗಿತ ಶುರುವಾದ ಹೊತ್ತು ಮತ್ತು ಬಿಟ್ಟ ಹೊತ್ತನ್ನು ಬರೆದುಕೊಳ್ಳುವುದು. ಆ ಚೀಟಿ ಆಸ್ಪತ್ರೆಯಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂತು. ವೈದ್ಯೆ ಅದನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಂಡು ಓದಿದರು.

ಅಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತವನ್ನೂ ಗರ್ಭಕೋಶದ ಬಿಗಿತವನ್ನೂ ಒಂದೇ ಕಾಗದದ ಮೇಲೆ ಬರೆಸಿದರು. ಎದೆಬಡಿತ ನಿಮಿಷಕ್ಕೆ 110ರಿಂದ 160ರೊಳಗೆ ಇರಬೇಕು, 160 ಮೀರಿತ್ತು. ತಾಯಿಗೆ ಜ್ವರ ಬಂದರೆ, ಮೈಯ ನೀರು ಬತ್ತಿದರೆ ಒಳಗಿನ ಮಗುವಿನ ಎದೆಯೂ ಜೋರಾಗಿ ಬಡಿಯುತ್ತದೆ. ಮೂತ್ರ ಪರೀಕ್ಷೆಗೆ ಹೋಯಿತು, ಕೈಗೆ ಡ್ರಿಪ್ ಏರಿತು, ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟರು. ಕೊನೆಗೆ ಗರ್ಭಕಂಠದ ಪರೀಕ್ಷೆ. ಅದು ಮುಚ್ಚಿಯೇ ಇತ್ತು. ಕೆಲವು ಗಂಟೆ ಬಿಟ್ಟು ಮತ್ತೆ ನೋಡಿದರು. ಆಗಲೂ ಮುಚ್ಚಿತ್ತು.

ಹೆರಿಗೆ ಶುರುವಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಈ ಬಾಗಿಲೇ ಹೊರತು ನೋವಿನ ಜೋರಲ್ಲ. ಬಿಗಿತಗಳು ಎಷ್ಟೇ ಬಂದರೂ ಗರ್ಭಕಂಠ ತೆಳುವಾಗದೆ, ತೆರೆಯದೆ ಇದ್ದರೆ ಅದು ಹೆರಿಗೆಯಲ್ಲ. ಇಂಥ ಬಿಗಿತಗಳನ್ನು ಇಂಗ್ಲೆಂಡಿನ ವೈದ್ಯ ಜಾನ್ ಬ್ರ್ಯಾಕ್ಸ್‌ಟನ್ ಹಿಕ್ಸ್ 1872ರಲ್ಲಿ ವಿವರಿಸಿದ್ದರಿಂದ ಇವಕ್ಕೆ ಇಂದಿಗೂ ಅವರದೇ ಹೆಸರು. ಸಾಮಾನ್ಯವಾಗಿ ಇವು ಹೊತ್ತುಗೊತ್ತಿಲ್ಲದೆ ಬಂದು, ಮಲಗಿದರೆ ಅಥವಾ ನೀರು ಕುಡಿದರೆ ಅಡಗುತ್ತವೆ. ಕಾಯಿಲೆ ಜೊತೆ ಸೇರಿದಾಗ ಮಾತ್ರ ನಿಜವಾದ ಬೇನೆಯ ಹಾಗೆಯೇ ಸಾಲುಗಟ್ಟಬಲ್ಲವು.

ಇದಕ್ಕೆ ವೈದ್ಯರು ಕೊಡುವ ವಿವರಣೆ ಕುತೂಹಲದ್ದು. ಮೈಯಲ್ಲಿ ನೀರು ಕಡಿಮೆಯಾದಾಗ ಅದನ್ನು ಹಿಡಿದಿಡಲು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಗರ್ಭಕೋಶವನ್ನು ಹಿಂಡುವ ಆಕ್ಸಿಟೋಸಿನ್ ಹೊರಡುವುದೂ ಅದೇ ಗ್ರಂಥಿಯಿಂದ. ಎರಡೂ 9 ಅಮೈನೋ ಆಮ್ಲಗಳಿಂದಾದವು, 2 ಕಡೆ ಮಾತ್ರ ವ್ಯತ್ಯಾಸ. ಇಷ್ಟು ಹತ್ತಿರದ ನೆಂಟಸ್ತಿಕೆ ಇರುವುದರಿಂದ ಒಂದರ ಕರೆಗೆ ಗರ್ಭಕೋಶ ಓಗೊಡುವುದು ಅಸಹಜವಲ್ಲ. ಸೋಂಕು ಇದ್ದರೆ ಗರ್ಭಕೋಶವನ್ನು ಬಿಗಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳೂ ಕೈಜೋಡಿಸುತ್ತವೆ. ಡ್ರಿಪ್ ಎಂದರೆ ಸರ್ವರೋಗಕ್ಕೂ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದ್ದರಿಂದ ಇದನ್ನೂ ಹೇಳಬೇಕು: ನಿಜವಾಗಿ ಶುರುವಾದ ಅಕಾಲ ಹೆರಿಗೆಯನ್ನು ಡ್ರಿಪ್ ನಿಲ್ಲಿಸುವುದಿಲ್ಲ. ನೀರು ಬತ್ತಿದ್ದೇ ಕಾರಣವಾಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ತಂಗಿಗೆ ಮಾಡಿತು. ಬೆಳಗಿನ ಜಾವಕ್ಕೆ ಬಿಗಿತಗಳು ದೂರದೂರವಾದವು, ಮಗುವಿನ ಎದೆಬಡಿತ ಹದಕ್ಕೆ ಬಂತು.

ಮೂತ್ರದ ವರದಿಯಲ್ಲಿ ಸೋಂಕೂ ಸಿಕ್ಕಿತು. ಉರಿ ಇರಲಿಲ್ಲ, ನೋವಿರಲಿಲ್ಲ. ಬಸುರಿಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಮೂತ್ರನಾಳಗಳನ್ನು ಸಡಿಲಿಸುತ್ತದೆ, ಬೆಳೆದ ಗರ್ಭಕೋಶ ಅವುಗಳನ್ನು ಒತ್ತುತ್ತದೆ, ಮೂತ್ರ ನಿಧಾನವಾಗಿ ಹರಿಯುತ್ತದೆ. ಸೋಂಕು ಸದ್ದಿಲ್ಲದೆ ಮೂತ್ರಪಿಂಡದವರೆಗೂ ಏರಬಹುದು, ಅಕಾಲ ಹೆರಿಗೆಗೂ ದಾರಿಯಾಗಬಹುದು. ನೋವು ಸುಳ್ಳೆಂದು ಮನೆಯಲ್ಲೇ ಉಳಿದಿದ್ದರೆ ಈ ಸೋಂಕು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಬೇಗ ಹೋಗಬೇಕು ಎನ್ನುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. 37 ವಾರಕ್ಕೆ ಮುಂಚೆ ಹುಟ್ಟುವ ಶಿಶುವಿನ ಮೊದಲ ಕಷ್ಟ ಉಸಿರಾಟ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ ಎಂಬ ವೈದ್ಯರು 1972ರಲ್ಲಿ ಪ್ರಕಟಿಸಿದ ಪ್ರಯೋಗದಿಂದ, ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಮಗುವಿನ ಶ್ವಾಸಕೋಶವನ್ನು ಹದಗೊಳಿಸುತ್ತದೆ ಎಂಬುದು ತಿಳಿಯಿತು. ಮುಖ್ಯವಾಗಿ 34 ವಾರಕ್ಕೆ ಮುಂಚೆ ಕೊಡುವ ಈ ಮದ್ದು ಪೂರ್ತಿ ಫಲ ಕೊಡಲು ಒಂದು ದಿನವಾದರೂ ಬೇಕು. ಗರ್ಭಕಂಠ ತೆರೆಯುವ ಲಕ್ಷಣ ಕಂಡಿದ್ದರೆ ಅವಳಿಗೂ ಅದೇ ರಾತ್ರಿ ಕೊಡುವವರಿದ್ದರು. ‘ಬೆಳಗಾಗಲಿ, ನೋಡೋಣ’ ಎಂದು ಮನೆಯಲ್ಲಿ ಕಳೆಯುವ ಹೊತ್ತು, ಆ ಮದ್ದಿಗೆ ಬೇಕಾದ ಹೊತ್ತೇ.

ನನಗೆ ಸಂಕಟವಾದದ್ದು ಬೇರೆ ಮಾತಿಗೆ. ವಾರ್ಡಿನಲ್ಲಿ ಯಾರೋ ಒಬ್ಬರು ‘ಸುಳ್ಳು ನೋವಿಗೇ ಇಷ್ಟು ದೂರ ಬಂದ್ರಾ?’ ಎಂದರು. ಕೆಟ್ಟ ಮನಸ್ಸಿನಿಂದಲ್ಲ. ಆದರೂ ಆ ಮಾತು ತಂಗಿಯೊಳಗೆ ಉಳಿಯಿತು. ಮುಂದೊಮ್ಮೆ ಹೊಟ್ಟೆ ಬಿಗಿದಾಗ ಹೇಳಲು ನಾಚಿ ಅರ್ಧ ರಾತ್ರಿ ಸುಮ್ಮನೆ ಮಲಗಿದ್ದಳು. ಅವಳ ಅದೃಷ್ಟ, ಆಗ ಏನೂ ಆಗಲಿಲ್ಲ. ದಿನ ತುಂಬಿ, 39ನೇ ವಾರದಲ್ಲಿ ಹೆಣ್ಣುಮಗು ಹುಟ್ಟಿತು. ಆದರೆ ಪರೀಕ್ಷಿಸಿದವರಿಗೂ ಗಂಟೆಗಟ್ಟಲೆ ಕಾದ ಮೇಲೆ ತಿಳಿದದ್ದನ್ನು ಮನೆಯಲ್ಲೇ ತಿಳಿದುಕೊಂಡಿರಬೇಕಿತ್ತು ಎಂದು ಬಸುರಿಯಿಂದ ನಿರೀಕ್ಷಿಸುವುದು ಅನ್ಯಾಯ.

ಮನೆಯಲ್ಲಿ ತುಂಬು ಬಸುರಿ ಇದ್ದರೆ ಓಆರ್‌ಎಸ್ ಪೊಟ್ಟಣ ಇಟ್ಟಿರಿ. ಪೊಟ್ಟಣದ ಮೇಲೆ ಬರೆದಷ್ಟೇ ಕಾಯಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣ ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿ. ಜ್ವರಕ್ಕೆಂದು ಐಬುಪ್ರೊಫೆನ್ ಮಾತ್ರೆ ಕೊಡಬೇಡಿ. ಕುಡಿದದ್ದು ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಜ್ವರ ಬಂದರೆ, ಮಗುವಿನ ಅಲುಗಾಟ ತಗ್ಗಿದರೆ, ನೀರು ಅಥವಾ ರಕ್ತ ಕಂಡರೆ, 37 ವಾರಕ್ಕೆ ಮುಂಚೆ ಹೊಟ್ಟೆ ಮತ್ತೆ ಮತ್ತೆ ಬಿಗಿದರೆ ಹೊರಟುಬಿಡಿ. 108 ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ. ಹಿಂದೊಮ್ಮೆ ಸುಳ್ಳು ನೋವೆಂದು ವಾಪಸ್ ಬಂದಿದ್ದವರೂ ಕರೆ ಮಾಡಿ.