ಇಂದಿನ ಧಮ್ಮ ಚಿಂತನೆ: ಅಜ್ಜಿಯ ಫೋಟೋಗೆ ಯಾವ ಬಣ್ಣ?



ಮನೆಯ ಹಳೆಯ ಕಪ್ಪು-ಬಿಳುಪು ಫೋಟೋಗಳಿಗೆ ಮೊಬೈಲ್ ಆ್ಯಪ್‌ನಲ್ಲಿ ಬಣ್ಣ ತುಂಬಿ ಗ್ರೂಪುಗಳಿಗೆ ಕಳಿಸುವುದು ಈಗ ಸಾಮಾನ್ಯ. ತೀರಿಹೋದ ಅಜ್ಜ ಅಜ್ಜಿ ಎದುರಿಗೇ ಬಂದು ನಿಂತಂತೆ ಅನಿಸುತ್ತದೆ. ಆ ಸಂತೋಷದಲ್ಲಿ ತಪ್ಪಿಲ್ಲ. ಆದರೆ ಪಂಚಶೀಲದ ನಾಲ್ಕನೆಯ ಶೀಲ, ಸುಳ್ಳಿನಿಂದ ದೂರವಿರುವುದು, ಇಲ್ಲಿಗೂ ಅನ್ವಯಿಸುತ್ತದೆಯೇ? ಇಂದು ವಿಚಾರ ಮಾಡೋಣ.

*ಬಣ್ಣ ಎಲ್ಲಿಂದ ಬರುತ್ತದೆ?*
ಕಪ್ಪು-ಬಿಳುಪು ಫಿಲ್ಮಿನಲ್ಲಿ ದಾಖಲಾಗುವುದು ಬೆಳಕಿನ ಹೆಚ್ಚು ಕಡಿಮೆ ಮಾತ್ರ. ಕೆಂಪು ಸೀರೆ, ಹಸಿರು ಸೀರೆ ಎರಡೂ ಒಂದೇ ಬೂದು ಬಣ್ಣವಾಗಿ ಕಾಣಬಹುದು. ಆ್ಯಪ್ ಸಾವಿರಾರು ಬಣ್ಣದ ಫೋಟೋಗಳಿಂದ ಕಲಿತು, ಇಂಥ ಕಡೆ ಇಂಥ ಬಣ್ಣ ಇರಬಹುದು ಎಂದು ಊಹಿಸಿ ತುಂಬುತ್ತದೆ. ಅದು ನಮ್ಮ ಅಜ್ಜಿಯನ್ನು ಕಂಡಿಲ್ಲ. ಊಹೆ ಸುಳ್ಳಲ್ಲ. ಊಹೆ ಎಂದು ತಿಳಿದೂ ಅದನ್ನು ನಿಜವೆಂದು ದಾಟಿಸಿದರೆ ಶೀಲ ಸಡಿಲವಾಗುತ್ತದೆ.

*ಒಂದು ಉದಾಹರಣೆ*
1956ರ ಅಕ್ಟೋಬರ್ 14, ನಾಗಪುರ. ಲಕ್ಷಾಂತರ ಜನರೊಂದಿಗೆ ಬಾಬಾಸಾಹೇಬರು ಧಮ್ಮ ದೀಕ್ಷೆ ಪಡೆದ ದಿನ. ಅಂದು ಅವರು ತೊಟ್ಟಿದ್ದು ಬಿಳಿ ಉಡುಪು. ಸೇರಿದವರಲ್ಲೂ ಬಹಳ ಮಂದಿ ಬಿಳಿ ಉಟ್ಟು ಬಂದಿದ್ದರು. ಪಾಲಿ ಗ್ರಂಥಗಳಲ್ಲಿ ಬಿಳಿ ಬಟ್ಟೆ ಗೃಹಸ್ಥ ಉಪಾಸಕರ ಗುರುತು. ಆ ದಿನದ ಫೋಟೋದಲ್ಲಿ ಅಂದಕ್ಕೆಂದು ಸೀರೆಗಳಿಗೆ ಗುಲಾಬಿ, ಹಳದಿ ತುಂಬಿದರೆ, ನಮ್ಮ ಜನ ತಾವೇ ಆರಿಸಿಕೊಂಡ ಗುರುತು ಅಳಿಸಿಹೋಗುತ್ತದೆ.

*ಮೈಬಣ್ಣದ ಮಾತು*
ಕೆಲವು ಆ್ಯಪ್‌ಗಳು ಬಣ್ಣ ತುಂಬುವುದರ ಜೊತೆಗೆ ಮುಖವನ್ನು ನಯ ಮಾಡಿ ಬೆಳ್ಳಗಾಗಿಸುತ್ತವೆ. ಬಿಸಿಲಲ್ಲಿ ದುಡಿದ ಅಜ್ಜಿಯ ಸುಕ್ಕು, ಹಣೆಯ ಹಚ್ಚೆ ಎಲ್ಲ ಮಾಯ. ನೋಡಿದವರು "ಎಷ್ಟು ಚೆಂದ ಕಾಣ್ತಾಳೆ ನಮ್ಮಜ್ಜಿ" ಅನ್ನುತ್ತಾರೆ. ಹಾಗಾದರೆ ಮೊದಲು ಚೆಂದ ಇರಲಿಲ್ಲವೇ? ಹುಟ್ಟಿನಿಂದ ಯಾರೂ ಮೇಲಲ್ಲ, ಕೀಳಲ್ಲ ಎಂದ ಬುದ್ಧರ ದಾರಿ ಹಿಡಿದವರು ನಾವು. ಕಪ್ಪು ಕೀಳು ಎಂಬ ಕೀಳರಿಮೆಯನ್ನು ಅಜ್ಜಿಯ ಮುಖಕ್ಕೆ ಹಚ್ಚುವುದು ಬೇಡ.

*ಇಂದಿನ ಅಭ್ಯಾಸ*
1. ಮೂಲ ಫೋಟೋವನ್ನು ಇದ್ದ ಹಾಗೇ ಕಾಪಾಡಿ. ಬಣ್ಣ ಹಾಕುವುದಿದ್ದರೆ ಪ್ರತಿಯ ಮೇಲೆ ಮಾತ್ರ.
2. ಮೊದಲು ಮನೆಯ ಹಿರಿಯರನ್ನು ಕೇಳಿ. ಆ ಸೀರೆ ಯಾವ ಬಣ್ಣದ್ದು? ಯಾರು ಕೊಡಿಸಿದ್ದು? ಫೋಟೋ ತೆಗೆಸಿದ್ದು ಯಾವಾಗ? ಹೇಳಿದ್ದನ್ನು ಬರೆದಿಡಿ.
3. ಕಳಿಸುವಾಗ "ಬಣ್ಣ ಊಹೆಯದು" ಎಂದು ಬರೆದು, ಮೂಲ ಫೋಟೋವನ್ನೂ ಜೊತೆಗೆ ಕಳಿಸಿ.

ನಮ್ಮ ಹಿರಿಯರ ಬದುಕನ್ನು ಬರೆದಿಟ್ಟವರು ಕಡಿಮೆ. ಎಷ್ಟೋ ಮನೆಗಳಲ್ಲಿ ಉಳಿದಿರುವುದು ಒಂದೇ ಫೋಟೋ. ಅದೇ ನಮ್ಮ ಇತಿಹಾಸದ ದಾಖಲೆ. ಇದ್ದದ್ದನ್ನು ಇದ್ದಂತೆ ಕಾಣುವುದಕ್ಕೆ ಧಮ್ಮದಲ್ಲಿ ಯಥಾಭೂತ ದರ್ಶನ ಎನ್ನುತ್ತಾರೆ. ಇಂದು ಆ ಒಂದು ಫೋಟೋ ಹೊರತೆಗೆದು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.

ಭವತು ಸಬ್ಬ ಮಂಗಲಂ 🌼